ಈ ವಾರದ ಸಮಸ್ಯೆ: ಹೊನ್ನು ಸೇರಲು ಬೆಲೆಯು ಹತ್ತರಲೊಂದು ಪಾಲಾಯ್ತು

ಗಮಕಿ ಮೇಷ್ಟ್ರು: ಭಾಮಿನಿ ಷಟ್ಪದಿಯ ಕೊನೆ ಸಾಲು, ಮೇಲಿನ ಐದು ಸಾಲು ನೀವು ಕಟ್ಟಬೇಕು. ಒಡವೆ ಅಂಗಡಿ, ಮದುವೆ ಮನೆ ಬೇಡ, ಅವೆಲ್ಲ ಹಿಂದೆಯೇ ಆಗಿವೆ. ಶುರು ಮಾಡಿ.

ಬೆಸುಗೆಮಾಮ: ಇದು ನನಗೇ ಕೊಟ್ಟ ಹಾಗಿದೆ ಮೇಷ್ಟ್ರೇ. ರೆಸಿಸ್ಟರ್ ಪಟ್ಟೆ. ವಿದ್ಯುತ್ತಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ ಅದು, ಅದರ ಬೆಲೆ, ಅಂದರೆ ಎಷ್ಟು ಓಮ್ ತಡೆ ಅನ್ನೋದನ್ನ, ಮೈಮೇಲಿನ ಬಣ್ಣದ ಪಟ್ಟೆಗಳೇ ಹೇಳುತ್ತವೆ.

ಎನ್ನ ಪೆಟ್ಟಿಗೆಯೊಳಗೆ ಗ್ರೀನಿನ
ಬೆನ್ನಿಗಂಟಿದ ನೀಲಿಯಿದ್ದಿತು
ತನ್ನೊಳೈವತ್ತಾರನೆಣಿಸುತ ಸುಮ್ಮನಿದ್ದಿರಲು
ಸೊನ್ನೆ ಸೇರದೆ ಬಿಂದು ಬಂದಿತು
ಭಿನ್ನವಾಯಿತು ಕೂಡಿದಂಕವು
ಹೊನ್ನು ಸೇರಲು ಬೆಲೆಯು ಹತ್ತರಲೊಂದು ಪಾಲಾಯ್ತು

ಹಸಿರು 5, ನೀಲಿ 6. ಮೂರನೇ ಪಟ್ಟೆ ಕಪ್ಪಾದರೆ 56 ಓಮ್. ಕಂದಾದರೆ ಒಂದು ಸೊನ್ನೆ ಸೇರಿ 560. ಅಲ್ಲೇ ಚಿನ್ನದ ಬಣ್ಣ ಬಂದರೆ ಹತ್ತರಿಂದ ಭಾಗಿಸಬೇಕು, 5.6 ಆಗುತ್ತೆ.

ಹಾಸನದಾಕೆ: 'ಭಿನ್ನ' ಚೆನ್ನಾಗಿ ಕೂತಿದೆ.

ಮಾತ್ರೆಗಣಕ: ಮೊದಲ ಸಾಲು ನೋಡಿ. 'ಒಳಗೆ ಗ್ರೀನಿನ'. ಮುಂದೆ ಗ್ರೀ ಒತ್ತಕ್ಷರ ಇರೋದರಿಂದ ಗೆ ಎಳೆಯುತ್ತೆ. ಮೂರು ಮಾತ್ರೆ ಇರಬೇಕಾದ ಕಡೆ ನಾಲ್ಕಾಯ್ತು.

ಬೆಸುಗೆಮಾಮ: ಬೇರೆ ಬೇರೆ ಪದ ಸಾರ್ ಅವು, ಸಮಾಸ ಅಲ್ಲ. ತೇಲಿಸಿ ಓದಿ.

ಮಾತ್ರೆಗಣಕ: ನೀವು ತೇಲಿಸಬಹುದು, ಹಾಡುವವರಿಗೆ ನಾಲಿಗೆ ತಡೆಯುತ್ತೆ. 'ಒಳಗೆ ಹಸಿರಿನ' ಅಂದರೆ ಲೆಕ್ಕ ಸರಿಯಾಗಿಯೇ ಬರುತ್ತೆ, ಕನ್ನಡವೂ ಉಳಿಯುತ್ತೆ. ಕೈಯಲ್ಲಿ ಹಸಿರು ಇಟ್ಟುಕೊಂಡು ಗ್ರೀನಿಗೆ ಯಾಕೆ ಹೋದಿರಿ?

ಬೆಸುಗೆಮಾಮ: ಬೆಂಚಿನ ಮುಂದೆ ಕೂತವರು ಗ್ರೀನು ಅಂತಲೇ ಅನ್ನೋದು. ಇಪ್ಪತ್ತು ವರ್ಷದಿಂದ ನನ್ನ ಬಾಯಲ್ಲಿ ಅದೇ.

ಮಾತ್ರೆಗಣಕ: ಹಾಗಾದರೆ ಎರಡನೇ ಸಾಲಲ್ಲಿ ನೀಲಿ ಹೇಗೆ ಬಂತು? ಅದನ್ನೂ ಬ್ಲೂ ಅನ್ನಬೇಕಿತ್ತಲ್ವಾ?

ಗಮಕಿ ಮೇಷ್ಟ್ರು: ಕಳೆದ ಸಲ ಶಿಥಿಲದ್ವಿತ್ವಕ್ಕೆ (ಒತ್ತಕ್ಷರದ ಹಿಂದಿನ ಅಕ್ಷರ ಹಗುರವಾಗಿಯೇ ಉಳಿಯುವುದಕ್ಕೆ) ಇಬ್ಬರೂ ಮೂರು ದಿನ ಹಿಡಿದಿರಿ. ಹಾಡಿ ನೋಡಿದೆ, ನನಗೆ ಗೆ ಹಗುರವಾಗಿಯೇ ಬಂತು. ಆದರೆ ಹಸಿರು ಇನ್ನೂ ಚೆನ್ನ.

ಬೆಸುಗೆಮಾಮ: ಹಗುರವಾಗಿ ಬಂತು ಅಂದಿರಲ್ಲ, ಅಷ್ಟು ಸಾಕು. ಬದಲಾಯಿಸಲ್ಲ.

ಹಾಸನದಾಕೆ: ನನ್ನದು.

ಮುನ್ನ ಹಳದಿಯು ಬಳಿಕ ನೇರಳೆ
ಯನ್ನು ಕಂಡೆನು ಲೆಕ್ಕ ಹಾಕಿದೆ
ನೆನ್ನ ಮನದಲಿ ನಾಲ್ಕರೇಳರ ಜೋಡಿಯನು ಬೆಸೆದು
ಇನ್ನು ಮೂರನೆ ಪಟ್ಟೆ ನೋಡಲು
ಸನ್ನೆ ಮಾಡಿತು ಹೊಳೆವ ಬಣ್ಣವು
ಹೊನ್ನು ಸೇರಲು ಬೆಲೆಯು ಹತ್ತರಲೊಂದು ಪಾಲಾಯ್ತು

ಮಾತ್ರೆಗಣಕ: ಸರಿಯಿದೆ.

ತುಂಗೆತೀರ: ನನ್ನದೊಂದು ಅನುಮಾನ. ನಮ್ಮ ಹಳೇ ರೇಡಿಯೋ ಬಿಚ್ಚಿದರೆ ಎಲ್ಲದರ ತುದಿಯಲ್ಲೂ ಹೊನ್ನೇ ಇದೆ. ಎಲ್ಲದರ ಬೆಲೆಯೂ ಇಳಿಯಿತಾ?

ಬೆಸುಗೆಮಾಮ: ಅದು ನಾಲ್ಕನೆಯದು. ಅಲ್ಲಿ ಹೊನ್ನು ಅಂದರೆ ಬೆಲೆ 5% ಆಚೀಚೆ ಇರಬಹುದು ಅಂತ. ಬೆಳ್ಳಿಯಾದರೆ 10%, ಪಟ್ಟೆಯೇ ಇಲ್ಲದಿದ್ದರೆ 20%. ಹಾಸನದಾಕೆ ಮೂರನೆ ಪಟ್ಟೆ ಅಂತ ಬಿಡಿಸಿ ಹೇಳಿದರು. ಆ ಮಾತು ನನ್ನ ಪದ್ಯದಲ್ಲಿಲ್ಲ. ಅದು ಕೊರತೆಯೇ, ಒಪ್ಪಿದೆ.

ಮಾತ್ರೆಗಣಕ: ಇದನ್ನು ಒಪ್ಪುತ್ತೀರಿ, ಗೆ ಒಪ್ಪಲ್ಲ.

ತುಂಗೆತೀರ: ಇದೂ ಅಕ್ಷರದಲ್ಲಿ ಅಂಕಿ ಅಡಗಿಸುವ ಕಟಪಯಾದಿ ಥರವೇ ಆಯ್ತು. ಅಲ್ಲಿ ಅಕ್ಷರ, ಇಲ್ಲಿ ಬಣ್ಣ. ಆದರೆ ಅಲ್ಲಿ ಬಲದಿಂದ ಎಡಕ್ಕೆ ಓದಬೇಕು.

ಬೆಸುಗೆಮಾಮ: ಇಲ್ಲೂ ತಿರುಗಿಸಿ ಓದಿದರೆ ಕೆಟ್ಟಿತು. ಮೊನ್ನೆ ಒಂದು ಆಂಪ್ಲಿಫೈಯರ್ ಬಂದಿತ್ತು. ಐದು ಪಟ್ಟೆಯ ರೆಸಿಸ್ಟರ್, ನೀಲಿ ಮೈ. ಇದರಲ್ಲಿ ಮೊದಲ ಮೂರು ಅಂಕಿ (ಕಪ್ಪು 0, ಕಂದು 1, ಕೆಂಪು 2), ನಾಲ್ಕನೆಯದು ಸೊನ್ನೆಗಳ ಲೆಕ್ಕ, ಕೊನೆಯದು ಆಚೀಚೆಯ ಲೆಕ್ಕ. ಕಂದು, ಕಪ್ಪು, ಕಪ್ಪು, ಕೆಂಪು, ಕಂದು. ಈ ಕಡೆಯಿಂದ 10,000 ಓಮ್. ಆ ಕಡೆಯಿಂದ ಕಂದು, ಕೆಂಪು, ಕಪ್ಪು, ಕಪ್ಪು, ಕಂದು, ಬರೀ 120. ಎರಡೂ ಅಂಗಡಿಯಲ್ಲಿ ಸಿಗುವ ಬೆಲೆಗಳೇ, ಹಾಗಾಗಿ ಅನುಮಾನವೂ ಬರಲ್ಲ. ಅದರ ಮೇಲೆ ಆ ನೀಲಿ ಮೈ ಮೇಲೆ ಕಂದೂ ಕೆಂಪೂ ಒಂದೇ ಥರ ಕಾಣುತ್ತೆ. ಕೊನೆಗೆ ಒಂದು ಕಾಲು ಬಿಚ್ಚಿ ಮೀಟರ್ ಇಟ್ಟೆ. ಬೋರ್ಡಿನಲ್ಲೇ ಇದ್ದಾಗ ಅಳೆದರೆ ಪಕ್ಕದವೂ ಲೆಕ್ಕಕ್ಕೆ ಬಂದುಬಿಡುತ್ತವೆ. 10,000 ತೋರಿಸಿತು.

ಹಾಸನದಾಕೆ: ಹಾಗಾದರೆ ಎರಡೂ ಕಡೆಯಿಂದ ಒಂದೇ ಆಗುವುದು ಇದೆಯಾ? ವಿಕಟಕವಿ ಥರ?

ಬೆಸುಗೆಮಾಮ: ಇದೆ ಮೇಡಂ. 100 ಓಮ್, 1%. ಕಂದು, ಕಪ್ಪು, ಕಪ್ಪು, ಕಪ್ಪು, ಕಂದು.

ಮಾತ್ರೆಗಣಕ: ವಿಕಟಕವಿಗೂ ಐದೇ ಅಕ್ಷರ!

ಗಮಕಿ ಮೇಷ್ಟ್ರು: ಹಾಗಾದರೆ ಮುಂದಿನ ವಾರಕ್ಕೆ ಇದೇ ಇರಲಿ: ಬಂದ ದಾರಿಯೆ ಹೋದ ದಾರಿಯು ಕಂದು ಬಣ್ಣಕ್ಕೆ.