ದೊಡ್ಡಪ್ಪನ ಫಾರ್ವರ್ಡ್, ಅಕ್ಕನ ಮಾತ್ರೆ

ದೊಡ್ಡಪ್ಪ, ಸೋಮವಾರಪೇಟೆ: ನೊಬೆಲ್ ವಿಜ್ಞಾನಿಗಳೇ ಒಪ್ಪಿದರು! ರೋಗನಿರೋಧಕ ಶಕ್ತಿ ಕಮ್ಮಿಯಾದರೆ ಸಂಧಿವಾತ. ದಿನಾ ಕಷಾಯ ಕುಡಿದು ಶಕ್ತಿ ಹೆಚ್ಚಿಸಿಕೊಳ್ಳಿ, ಮಾತ್ರೆ ಬಿಡಿ. ಎಲ್ಲ ಗ್ರೂಪಿಗೂ ಕಳಿಸಿ.

ಚಿಕ್ಕಮ್ಮ: ನಿಜ ಭಾವ. ನಾನು ಆವತ್ತೇ ಹೇಳಿದ್ದೆ.

ನಾನು: ದೊಡ್ಡಪ್ಪ, ಯಾವ ವಿಜ್ಞಾನಿ, ಎಲ್ಲಿ ಹೇಳಿದ್ದಾರೆ?

ದೊಡ್ಡಪ್ಪ: ಓದಿದವರಿಗೆ ಎಲ್ಲದಕ್ಕೂ ಸಾಕ್ಷಿ ಬೇಕು, ಹಿರಿಯರ ಮಾತು ಬೇಡ. ನಾವು ಮಳೆಯಲ್ಲೇ ತೋಟದಲ್ಲಿ ದುಡಿದವರು. ಗಂಟು ನೋವು ಅಂತ ಯಾರಾದರೂ ಮಲಗಿದ್ದೆವಾ?

ಕುಶಾಲನಗರ ಅಣ್ಣ: ಕಷಾಯ ಅಂದಾಗ ನೆನಪಾಯಿತು, ಆಟಿ 18ಕ್ಕೆ ಅಜ್ಜಿ ಮದ್ದುಸೊಪ್ಪಿನ ಪಾಯಸ ಮಾಡುತ್ತಿದ್ದರಲ್ಲ! ಪಾತ್ರೆ, ನಾಲಿಗೆ ಎಲ್ಲ ನೇರಳೆ. ಮೂತ್ರ ಕೆಂಪಾಯಿತು ಅಂತ ನಾನು ಹೆದರಿ ಅತ್ತಿದ್ದೆ. ಈಗ ಯಾರ ಮನೆಯಲ್ಲಿ ಮಾಡುತ್ತೀರಿ?

ನಾನು: ಪಾಯಸದ ಮಾತು ಆಮೇಲೆ ಅಣ್ಣ. ಈ ಫಾರ್ವರ್ಡ್ ಪೂರ್ತಿ ಉಲ್ಟಾ. 2025ರ ವೈದ್ಯಕೀಯ ನೊಬೆಲ್ ಬ್ರಂಕೋ, ರ‍್ಯಾಮ್ಸ್‌ಡೆಲ್, ಸಕಾಗುಚಿ ಅವರಿಗೆ ಬಂದಿದೆ. ರೋಗನಿರೋಧಕ ಶಕ್ತಿ ನಮ್ಮ ಮೈ ಮೇಲೆಯೇ ತಿರುಗಿ ಬೀಳದ ಹಾಗೆ ನಿಯಂತ್ರಕ ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳು ತಡೆಯುತ್ತವೆ ಅಂತ ತೋರಿಸಿದವರು ಅವರು. ಅಕ್ಕನಿಗಿರುವ ಸಂಧಿವಾತದಲ್ಲಿ ಶಕ್ತಿ ಕಮ್ಮಿ ಅಲ್ಲ, ಲಗಾಮು ಸಡಿಲ. ಆ ತಡೆಯುವ ಕೋಶಗಳಿಗೆ ಐಎಲ್-2 ಅನ್ನುವ ಸಂದೇಶ ಬೇರೆ ಕೋಶಗಳಿಂದ ಬರುತ್ತಾ ಇರಬೇಕು. ಅದು ಬಂದರೆ ಒಳಗೆ ಸ್ಟ್ಯಾಟ್5 ಪ್ರೋಟೀನ್ ಎಚ್ಚರಗೊಂಡು, ಅವುಗಳನ್ನು ತಡೆಯುವ ಕೋಶಗಳಾಗಿಯೇ ಉಳಿಸುವ ಫಾಕ್ಸ್‌ಪಿ3 ಜೀನನ್ನು ಚಾಲೂ ಇಡುತ್ತದೆ. ಉರಿಯೂತದಲ್ಲಿ ಐಎಲ್-6 ಅನ್ನುವ ಇನ್ನೊಂದು ಸಂದೇಶ ಜಾಸ್ತಿಯಾಗುತ್ತದೆ, ಆಗ ತಡೆಯುವ ಕೋಶ ಆಗಬೇಕಿದ್ದ ಹೊಸ ಟಿ ಕೋಶಗಳು ಉರಿ ಹೆಚ್ಚಿಸುವ ಟಿಎಚ್17 ಆಗಿಬಿಡಬಹುದು. ಅದೇ ಐಎಲ್-6 ಅನ್ನು ತಡೆಯುವ ಟೊಸಿಲಿಜುಮ್ಯಾಬ್ ಅನ್ನುವ ಔಷಧವನ್ನು ಈ ಕಾಯಿಲೆಗೆ ಕೊಡುತ್ತಾರೆ. ಮಾತ್ರೆ ಶುರುವಾಗುವ ಮೊದಲು ಬೆಳಿಗ್ಗೆ ಹೊತ್ತು ಅಕ್ಕನಿಗೆ ಕಾಫಿ ಲೋಟ ಎತ್ತಲು ಎರಡೂ ಕೈ ಬೇಕಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ದಯವಿಟ್ಟು ಮಾತ್ರೆ ಬಿಡಿ ಅಂತ ಬರೆಯಬೇಡಿ.

ಚಿಕ್ಕಮ್ಮ: ಇಷ್ಟುದ್ದ ಯಾರು ಓದುತ್ತಾರೆ ಮಗ?

ದೊಡ್ಡಪ್ಪ: ನನಗೇ ಪಾಠ ಹೇಳುವಷ್ಟು ದೊಡ್ಡವನಾದೆ.

ನಾನು: 2018ರ ಮಳೆಯಲ್ಲೂ ಯಾವುದೋ ಸುಳ್ಳು ಆಡಿಯೊ ಕಳಿಸಿದ್ದಿರಿ. ಅಮ್ಮ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ.

ದೊಡ್ಡಪ್ಪ: ಆ ಮಳೆಯಲ್ಲಿ ನಿಮ್ಮನ್ನು ಜೀಪಿನಲ್ಲಿ ಕರೆತಂದವರು ಯಾರು? ತೋಟ ಪಾಲಾದ ದಿನ ನಿಮ್ಮಪ್ಪ ನನ್ನ ಮುಖ ನೋಡಲಿಲ್ಲ, ಅದೂ ಬರೆ.

ಕುಶಾಲನಗರ ಅಣ್ಣ: ಆ ಹಳೇ ಜೀಪು! ಈಗ ಎಲ್ಲಿದೆ?

ಅಕ್ಕ: ಎಲ್ಲರೂ ನನ್ನ ಕೀಲಿನ ಬಗ್ಗೆಯೇ ಬರೆಯುತ್ತಿದ್ದೀರಿ, ಹೇಗಿದ್ದೀಯಾ ಅಂತ ಒಬ್ಬರೂ ಕೇಳಲಿಲ್ಲ. ಮಾತ್ರೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಶುಕ್ರವಾರ ಮೈಸೂರಿಗೆ ಡಾಕ್ಟರ ಹತ್ತಿರ ಹೋಗಬೇಕು. ಯಾರ ಕಾರಿದೆ?

ದೊಡ್ಡಪ್ಪ: ಆರು ಗಂಟೆಗೆ ರೆಡಿ ಇರು ಮಗಳೇ. ಅವನೂ ಬರಲಿ, ತೋಟದ ವಿಷಯ ದಾರಿಯಲ್ಲಿ ಮಾತಾಡುತ್ತೇನೆ.