ಹಳೆಯ ಲ್ಯಾಪ್‌ಟಾಪ್‌ಗೆ ‘ಹಗುರ ವಿಂಡೋಸ್’ ಹಾಕಿಸಿದ್ದೇನೆ, ಬ್ಯಾಂಕಿನ ಕೆಲಸ ಮಾಡಬಹುದೇ?

ಪ್ರಶ್ನೆ (ಮೂಡಿಗೆರೆಯ ಕಾಫಿ ಬೆಳೆಗಾರರು):
ನಮಸ್ಕಾರ ಸರ್. ನನ್ನದು 2013ರ ಲ್ಯಾಪ್‌ಟಾಪ್. 4 ಜಿಬಿ ರ್‍ಯಾಮ್, ಹಳೆಯ ಹಾರ್ಡ್ ಡಿಸ್ಕ್. ಆಳುಗಳ ಬಟವಾಡೆ ಲೆಕ್ಕ, ಹನ್ನೊಂದು ವರ್ಷದ ಮಳೆ ಲೆಕ್ಕ ಎಲ್ಲ ಅದರಲ್ಲೇ ಇದೆ. ವಿಂಡೋಸ್ 10 ತೀರಾ ನಿಧಾನವಾಗಿತ್ತು. ಪರಿಚಯದ ಹುಡುಗನೊಬ್ಬ ಪೆನ್‌ಡ್ರೈವ್‌ನಿಂದ ‘ಟೈನಿ 11’ (ಬೇಡದ ಭಾಗಗಳನ್ನು ತೆಗೆದು ಹಗುರ ಮಾಡಿದ ವಿಂಡೋಸ್ 11) ಹಾಕಿಕೊಟ್ಟ. ಈಗ ಚುರುಕಾಗಿದೆ. ಆದರೆ ಅಪ್‌ಡೇಟ್ ಆಗುತ್ತಿಲ್ಲ, ಕನ್ನಡ ಸೇರಿಸಲು ಹೋದರೂ ಆಗುತ್ತಿಲ್ಲ. ಇದರಲ್ಲಿ ಬ್ಯಾಂಕಿನ ಕೆಲಸ ಮಾಡಬಹುದೇ?

ಉತ್ತರ (ಚಿಕ್ಕಮಗಳೂರಿನ ಕಂಪ್ಯೂಟರ್ ರಿಪೇರಿಯವರು):
ನಮಸ್ಕಾರ ಸರ್. ಬ್ಯಾಂಕಿನ ಕೆಲಸ ಇದರಲ್ಲಿ ಬೇಡವೇ ಬೇಡ.

ಚುರುಕಾಗಿರುವುದು ನಿಜ. ಹಿನ್ನೆಲೆಯಲ್ಲಿ ಓಡುವ ಎಷ್ಟೋ ಕಾರ್ಯಕ್ರಮಗಳನ್ನು ಕಿತ್ತುಹಾಕಿರುವುದರಿಂದ ರ್‍ಯಾಮ್ ಉಳಿಯುತ್ತದೆ, ಡಿಸ್ಕ್‌ನಲ್ಲೂ ಜಾಗ ಸಿಗುತ್ತದೆ. ನೀವು ಹೇಳುವ ಲಕ್ಷಣ ನೋಡಿದರೆ ನಿಮ್ಮದು ಅದರ ‘ಕೋರ್’ ರೂಪ, ಅಂದರೆ ಇನ್ನೂ ಹೆಚ್ಚು ಕಿತ್ತುಹಾಕಿದ ರೂಪ ಇರಬೇಕು. ಅದರಲ್ಲಿ ಅಪ್‌ಡೇಟ್ ವ್ಯವಸ್ಥೆ, ವೈರಸ್ ತಡೆಯುವ ಡಿಫೆಂಡರ್ ಎರಡೂ ಕೆಲಸ ಮಾಡುವುದಿಲ್ಲ. ಹೊಸ ಭಾಷೆ, ಹೊಸ ಸೌಲಭ್ಯ ಯಾವುದನ್ನೂ ಆಮೇಲೆ ಸೇರಿಸಲು ಬರುವುದಿಲ್ಲ. ಪ್ರಯೋಗಕ್ಕೆಂದು ಮಾಡಿದ್ದನ್ನು ದಿನಬಳಕೆಗೆ ಹಾಕಿಕೊಟ್ಟಿದ್ದಾರೆ.

ಅದಕ್ಕಿಂತ ದೊಡ್ಡ ಚಿಂತೆ ಆ ಪೆನ್‌ಡ್ರೈವ್‌ನದು. ಅದರೊಳಗಿನ ಕಡತ ಎಲ್ಲಿಂದ ಬಂತು, ಎಷ್ಟು ಕೈ ದಾಟಿತು ಎಂಬುದು ಹಾಕಿಕೊಟ್ಟವರಿಗೂ ಗೊತ್ತಿರುವುದಿಲ್ಲ. ಕಳೆದ ಮಳೆಗಾಲದಲ್ಲಿ ಇಂಥದೇ ಒಂದು ಲ್ಯಾಪ್‌ಟಾಪ್ ನನ್ನ ಮೇಜಿಗೆ ಬಂದಿತ್ತು. ಡಿಫೆಂಡರ್ ಇತ್ತು, ಹಸಿರು ಗುರುತನ್ನೂ ತೋರಿಸುತ್ತಿತ್ತು. ಒಳಗೆ ಹೋಗಿ ನೋಡಿದರೆ ಇಡೀ ಸಿ ಡ್ರೈವ್ ಅನ್ನು ವೈರಸ್ ತಪಾಸಣೆಯಿಂದ ಹೊರಗಿಟ್ಟಿದ್ದರು. ಮಾಲೀಕರು ಅದರಲ್ಲೇ ವರ್ಷಗಟ್ಟಲೆ ಹಣ ಕಳಿಸುತ್ತಿದ್ದರು. ಅಂದು ನನಗಾದ ಸಂಕಟ ಇನ್ನೂ ಮರೆತಿಲ್ಲ.

ಪ್ರಶ್ನೆ (ಹಾಸನದ ವಿದ್ಯಾರ್ಥಿ):
ಸರ್, ನಾವೇ ತಯಾರಿಸಿಕೊಂಡರೆ?

ಉತ್ತರ:
ಅದು ಬೇರೆ ಮಾತು. ಮೈಕ್ರೋಸಾಫ್ಟ್ ತಾಣದಿಂದಲೇ ಮೂಲ ಕಡತ ಇಳಿಸಿಕೊಂಡು, ಟೈನಿ 11 ಬಿಲ್ಡರ್ ಎಂಬ ಸ್ಕ್ರಿಪ್ಟ್‌ನಿಂದ (ಕಂಪ್ಯೂಟರ್‌ಗೆ ಕೊಡುವ ಆದೇಶಗಳ ಪಟ್ಟಿ) ನಿಮ್ಮ ಕಣ್ಣೆದುರೇ ಬೇಡದ್ದನ್ನು ತೆಗೆಯಬಹುದು. ಸ್ಕ್ರಿಪ್ಟ್‌ನಲ್ಲಿ ಏನಿದೆ ಎಂದು ಯಾರು ಬೇಕಾದರೂ ಓದಿ ನೋಡಬಹುದು. ‘ಕೋರ್’ ಬಿಟ್ಟು ಸಾಮಾನ್ಯ ರೂಪವನ್ನೇ ಆರಿಸಿಕೊಳ್ಳಿ. ಕಲಿಯುವ ಯಂತ್ರಕ್ಕೆ ಸರಿ. ಮನೆಯವರ ಹಣದ ವ್ಯವಹಾರಕ್ಕೆ ಅದನ್ನೂ ನಾನು ಒಪ್ಪುವುದಿಲ್ಲ. ಇನ್ನು ಕೋರ್ 2 ಡ್ಯುಯೋ ಎಂಬ ಹಳೆಯ ಇಂಟೆಲ್ ಪ್ರೊಸೆಸರ್ ಕಾಲದ ಯಂತ್ರವಾದರೆ ಪ್ರಯತ್ನವೇ ಬೇಡ. ವಿಂಡೋಸ್ 11ರ 24ಎಚ್2 ಆವೃತ್ತಿ ಕೇಳುವ ಕೆಲವು ಸೂಚನೆಗಳು ಆ ಪ್ರೊಸೆಸರ್‌ಗಳಲ್ಲಿ ಇಲ್ಲ, ಅದು ಬೂಟ್ ಆಗುವುದೇ ಇಲ್ಲ.

ಪ್ರಶ್ನೆ (ಮೂಡಿಗೆರೆಯವರು):
ಹಾಗಾದರೆ ನಾನು ಏನು ಮಾಡಲಿ ಸರ್? ಹಳೆಯ ವಿಂಡೋಸ್ 10ಕ್ಕೇ ಮರಳಲೇ?

ಉತ್ತರ:
ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ (ಅದಕ್ಕಿಂತ ಬಹಳ ವೇಗದ ಸಂಗ್ರಹ ಸಾಧನ) ಹಾಕಿಸಿ. ನಿಧಾನಕ್ಕೆ ಮುಖ್ಯ ಕಾರಣ ಆ ಹಳೆಯ ಹಾರ್ಡ್ ಡಿಸ್ಕೇ. ಆಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ರೂಪ ಹಾಕಿಕೊಳ್ಳಿ. ಅದಕ್ಕೆ ಭದ್ರತಾ ಅಪ್‌ಡೇಟ್ ಬರುತ್ತದೆ, ಕನ್ನಡ ಬೆರಳಚ್ಚೂ ಆಗುತ್ತದೆ, ನಿಮ್ಮ ಎಕ್ಸೆಲ್ ಲೆಕ್ಕಗಳು ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತವೆ. ಟ್ಯಾಲಿ ಬಳಸುವಿರಾದರೆ ಮೊದಲೇ ಹೇಳಿ, ಅದು ವಿಂಡೋಸ್‌ಗಾಗಿಯೇ ಮಾಡಿದ್ದು.

ಇವತ್ತು ಮಾಡಬೇಕಾದದ್ದು ಎರಡು ಕೆಲಸ. ಆ ಲ್ಯಾಪ್‌ಟಾಪ್‌ನಲ್ಲಿ ಈಗಾಗಲೇ ಬ್ಯಾಂಕಿಗೆ ಲಾಗಿನ್ ಆಗಿದ್ದರೆ ಬೇರೆ ಯಂತ್ರದಿಂದ ಪಾಸ್‌ವರ್ಡ್ ಬದಲಿಸಿ. ಮಳೆ ಲೆಕ್ಕ, ಬಟವಾಡೆ ಲೆಕ್ಕದ ಕಡತಗಳನ್ನು ಮಾತ್ರ ಹೊಸ ಪೆನ್‌ಡ್ರೈವ್‌ಗೆ ನಕಲು ಮಾಡಿ ತನ್ನಿ, ಮೊದಲು ತಪಾಸಣೆ ಮಾಡಿಯೇ ತೆರೆಯುತ್ತೇನೆ.