ಬೆಳಕು ನುಂಗಿ ಸದ್ದು ಮಾಡುವ ಪ್ರೋಟೀನಿಗೆ ಏನನ್ನೋಣ?

ಗೆಳೆಯರೆ,

ಒಂದು ವಿಜ್ಞಾನ ಲೇಖನ ಬರೆಯಲು ಕೂತಿದ್ದೇನೆ. 'ಕಾಂಟ್ರಾಸ್ಟ್ ಏಜೆಂಟ್', ಅಂದರೆ ಸ್ಕ್ಯಾನ್ ಚಿತ್ರದಲ್ಲಿ ಬೇಕಾದ ಜಾಗ ಎದ್ದು ಕಾಣಲೆಂದು ಬಳಸುವ ವಸ್ತು, ಇದಕ್ಕೆ ಕನ್ನಡ ಪದ ಹುಡುಕುವಲ್ಲಿ ಗಾಡಿ ನಿಂತುಬಿಟ್ಟಿದೆ.

ವಿಷಯ ಫೋಟೋಅಕೌಸ್ಟಿಕ್ ಇಮೇಜಿಂಗ್. ಮೈಯೊಳಗೆ ಲೇಸರ್ ಬೆಳಕನ್ನು ಬಿಟ್ಟು ಬಿಟ್ಟು ಹಾಯಿಸುತ್ತಾರೆ. ಅದನ್ನು ಹೀರಿದ ಜಾಗ ಚೂರು ಬಿಸಿಯಾಗಿ, ಹಿಗ್ಗಿ, ಅಲ್ಟ್ರಾಸೌಂಡ್ ಅಲೆ ಎಬ್ಬಿಸುತ್ತದೆ. ಆ ಅಲೆಯಿಂದ ಚಿತ್ರ ಕಟ್ಟುತ್ತಾರೆ. ಬೆಳಕಿನಿಂದ ಸದ್ದು ಹುಟ್ಟುವುದನ್ನು ಗ್ರಹಾಂ ಬೆಲ್ 1880ರಲ್ಲೇ ಕಂಡಿದ್ದ. ಇದಕ್ಕೆ 'ದ್ಯುತಿಧ್ವನಿ' ಸಾಕು. ದ್ಯುತಿಸಂಶ್ಲೇಷಣೆಯನ್ನು ಶಾಲೆಯಲ್ಲೇ ಓದಿದ್ದೇವೆ, ಅಲ್ವಾ?

ಸ್ಕ್ಯಾನಿಂಗ್ ಸೆಂಟರಿನಲ್ಲಾದರೆ 'ಡೈ ಕೊಡ್ತಾರೆ' ಅಂತ ಮಾತು ಮುಗಿಸುತ್ತೇವೆ. ನಾನು ಬರೆಯುತ್ತಿರುವ ಬಗೆಯಲ್ಲಿ ಡೈ ಚುಚ್ಚುವುದಿಲ್ಲ. ಜೀನ್ ಸೇರಿಸಿದರೆ ಬೆಳಕು ಹೀರುವ ವಸ್ತುವನ್ನು ಜೀವಕೋಶ ತಾನೇ ತಯಾರಿಸಿಕೊಳ್ಳುತ್ತದೆ. 'ವೈದೃಶ್ಯಕಾರಕ' ಅಂತ ಬರೆದು ಅಕ್ಕನಿಗೆ ಓದಿಸಿದೆ. 'ಯಾವ ಕಾಯಿಲೆ ಅದು?' ಅಂದಳು.

'ಹೊಳೆಯುವ ಪ್ರೋಟೀನ್' ಅನ್ನೋಣವೆಂದರೆ ಅದು ಪೂರ್ತಿ ತಪ್ಪು. 2008ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು ಅಂಬಲಿ ಮೀನಿನ ಹಸಿರು ಪ್ರೋಟೀನಿಗೆ. ಅದು ಹೀರಿದ ಬೆಳಕನ್ನು ಹೊಳಪಾಗಿ ವಾಪಸ್ ಕೊಡುತ್ತದೆ. ನಮಗಿಲ್ಲಿ ಬೇಕಾದದ್ದು ಜಿಪುಣ ಪ್ರೋಟೀನ್. ಹೀರಿದ್ದನ್ನು ಹೊರಗೆ ಬಿಡದೆ ಶಾಖ ಮಾಡಿಕೊಂಡಷ್ಟೂ ಸದ್ದು ಜಾಸ್ತಿ.

ಒಳ್ಳೆಯ ಉದಾಹರಣೆ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನ್ ಬಿಪಿಎಚ್‌ಪಿ1. 2016ರಲ್ಲಿ ಇದನ್ನು ಇಲಿಗಳಲ್ಲಿ ಬಳಸಿದರು. ಇದಕ್ಕೆ ಬಿಲಿವರ್ಡಿನ್ ಬೇಕು. ಪೆಟ್ಟು ಬಿದ್ದ ಜಾಗ ಕೆಲವು ದಿನಕ್ಕೆ ಹಸಿರುಗಟ್ಟುತ್ತದಲ್ಲ, ಅದೇ ಬಣ್ಣ. ಅದು ಮೈಯಲ್ಲೇ ಸಿಗುತ್ತದೆ. ಕೆಂಪು ಬೆಳಕು ಹಾಯಿಸಿದರೆ ಈ ಪ್ರೋಟೀನ್ ಒಂದು ರೂಪ ತಾಳುತ್ತದೆ, ಕಣ್ಣಿಗೆ ಕಾಣದ ಇನ್ನೊಂದು ಬೆಳಕಿಗೆ ಬೇರೆ ರೂಪ. ರಕ್ತವೂ ಬೆಳಕು ಹೀರಿ ಸದ್ದು ಮಾಡುತ್ತದೆ, ಆದರೆ ಹೀಗೆ ಬದಲಾಗುವುದಿಲ್ಲ. ಎರಡು ಚಿತ್ರ ತೆಗೆದು ಒಂದರಿಂದ ಒಂದನ್ನು ಕಳೆದರೆ ರಕ್ತದ ಗದ್ದಲ ಅಳಿಸಿಹೋಗಿ ಪ್ರೋಟೀನ್ ಇರುವ ಕೋಶಗಳಷ್ಟೇ ಉಳಿಯುತ್ತವೆ.

ಇದನ್ನು ಓದುವಾಗ 'ಗುರುತು-ಪ್ರೋಟೀನ್' ಅನ್ನೋ ಪದ ಹೊಳೆಯಿತು. ಖುಷಿ ಒಂದು ದಿನವೂ ಉಳಿಯಲಿಲ್ಲ. ಇದೇ ಕೆಲಸಕ್ಕೆ ಟೈರೊಸಿನೇಸ್ ಎಂಬ ಪ್ರೋಟೀನಿನ ಜೀನನ್ನೂ ಬಳಸುತ್ತಾರೆ. ಅಲ್ಲಿ ಬೆಳಕು ಹೀರುವುದು ಆ ಪ್ರೋಟೀನ್ ಅಲ್ಲ, ಅದು ತಯಾರಿಸುವ ಮೆಲನಿನ್, ನಮ್ಮ ಚರ್ಮ-ಕೂದಲಿನ ಕಪ್ಪು ಬಣ್ಣ. ಹಾಗಾದರೆ ಗುರುತು ಯಾವುದು, ಪ್ರೋಟೀನಾ ಬಣ್ಣವಾ? 'ಜೀನ್‌ಗುರುತು' ಅಂದರೆ ಜೆನೆಟಿಕ್ ಮಾರ್ಕರ್ (ಗುರುತು ಹಿಡಿಯಲು ನೋಡುವ ಡಿಎನ್ಎ ತುಣುಕು) ಅಂದುಕೊಳ್ಳುತ್ತಾರೆ.

ಇಂಗ್ಲಿಷಿನ 'ಜೆನೆಟಿಕಲಿ ಎನ್‌ಕೋಡೆಡ್'ಗೆ 'ಜೀನಿನಲ್ಲಿ ಸಂಕೇತಿಸಲ್ಪಟ್ಟ' ಅನ್ನುವುದನ್ನಂತೂ ಕೈಬಿಟ್ಟಿದ್ದೇನೆ. 'ಕೋಶವೇ ಕಟ್ಟುವ' ಅಂತ ಹಾಕಿಕೊಂಡಿದ್ದೇನೆ. ಅದರ ಮುಂದೆ 'ಗುರುತುಬಣ್ಣ' ಕೂಡುತ್ತದಾ? ಸುಮ್ನೆ 'ಕಾಂಟ್ರಾಸ್ಟ್' ಅಂತಲೇ ಬಿಡುವುದು ಮೇಲಾ?